ಭಾನುವಾರದ ಓದಿಗೆ: ಅಂಕಣಕಾರರು ಯಾವ ಪಂಥದವರು?

ಎಲ್ಲರಿಗೂ ನಮಸ್ಕಾರ. ಭಾನುವಾರ ಕಬ್ಬನ್ ಪಾರ್ಕಿಗೆ ಬರುವಾಗ ಒಬ್ಬರೇ ಹಣಕಾಸು ಅಂಕಣಕಾರರ ಮೂರು ಬರಹ ಪ್ರಿಂಟ್ ತೆಗೆಸಿ ತನ್ನಿ. ಅವರು ಅರ್ಥಶಾಸ್ತ್ರದ ಯಾವ ಪಂಥದವರೆಂದು ಬರಹದಿಂದಲೇ ಗುರುತಿಸೋಣ. ಒಂದಾದರೂ ಷೇರುಪೇಟೆ ಬಿದ್ದಾಗ ಬರೆದದ್ದಿರಲಿ; ಪೇಟೆ ಏರುವಾಗ ಎಲ್ಲರೂ ಒಂದೇ ರಾಗ ಹಾಡುತ್ತಾರೆ.

ಮೊದಲು ಆರ್ಥಿಕ ಹಿಂಜರಿತಕ್ಕೆ ಅವರು ಹೇಳುವ ಮದ್ದು ನೋಡಿ. ಬೇಡಿಕೆ ಕುಸಿದಿದೆ, ಸರ್ಕಾರ ಖರ್ಚು ಮಾಡಲಿ ಎಂದರೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಕಡೆಯವರು. ಹಣದುಬ್ಬರಕ್ಕೆ ಹಣದ ಪ್ರಮಾಣವೇ ಕಾರಣ ಎಂದರೆ ಮಾತ್ರ ಅವಸರಪಡಬೇಡಿ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರೀಡ್‌ಮನ್ ಬಳಗವೂ ಆಸ್ಟ್ರಿಯಾ ಮೂಲದ ಅರ್ಥಶಾಸ್ತ್ರಜ್ಞ ಹಯೆಕ್ ಅವರ ಆಸ್ಟ್ರಿಯನ್ ಪಂಥವೂ ಹೆಚ್ಚುಕಮ್ಮಿ ಹಾಗೇ ಹೇಳುತ್ತವೆ, ಎಡವುವುದು ಇಲ್ಲೇ. ಆಗ ಅಮೆರಿಕದಲ್ಲಿ 1929ರಲ್ಲಿ ಶುರುವಾದ ಆರ್ಥಿಕ ಮಹಾ ಕುಸಿತದ ಬಗ್ಗೆ ಏನೆನ್ನುತ್ತಾರೆಂದು ಹುಡುಕಿ. 1933ರೊಳಗೆ ಹಣದ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಕುಗ್ಗುತ್ತಿದ್ದರೂ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಸುಮ್ಮನಿತ್ತು ಎಂದು ದೂರಿದರೆ ಫ್ರೀಡ್‌ಮನ್ ದಾರಿ. ಅದಕ್ಕೂ ಮುಂಚಿನ ಅಗ್ಗದ ಸಾಲವೇ ಹೂಡಿಕೆಯನ್ನು ದಾರಿ ತಪ್ಪಿಸಿತು ಎಂದರೆ ಆಸ್ಟ್ರಿಯನ್.

ಆಸ್ಟ್ರಿಯನ್ ಪಂಥದ ಹಲವರಿಗೆ ಚಿನ್ನದ ಆಧಾರವಿರುವ ಹಣ ಇಷ್ಟ. ಆದರೆ ಚಿನ್ನ ಕೊಳ್ಳಿ ಎಂದ ಮಾತ್ರಕ್ಕೆ ಆಸ್ಟ್ರಿಯನ್ ಆಗುವುದಿಲ್ಲ, ಚಿಕ್ಕಪೇಟೆಯ ಅಂಗಡಿಯವರೂ ಅದನ್ನೇ ಹೇಳುತ್ತಾರೆ! ರಿಸರ್ವ್ ಬ್ಯಾಂಕಿನ ಶೇ 4ರ ಹಣದುಬ್ಬರ ಗುರಿಯನ್ನು ಒಪ್ಪಿ, ರೆಪೊ ದರ (ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಎಷ್ಟಿರಬೇಕೆಂದಷ್ಟೇ ತಕರಾರು ಎತ್ತುವವರು ಸಾಮಾನ್ಯವಾಗಿ ಕೇನ್ಸ್ ವಿಚಾರವನ್ನು ತಿದ್ದಿ ಬೆಳೆಸಿದ ನವ ಕೇನ್ಸ್‌ವಾದಿಗಳು.

ನಿಮ್ಮ ತೀರ್ಮಾನಕ್ಕೆ ಆಧಾರವಾದ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಇರಲಿ.