ಭಾನುವಾರದ ಸಭೆ: ನಮ್ಮ ಲೋಕದ ದೇವರುಗಳು

ಎಲ್ಲರಿಗೂ ಶರಣು ಶರಣಾರ್ಥಿ.

ನಾವೆಲ್ಲ ಸೇರಿ ಕಥೆಗಳಿಗಾಗಿ ಕಟ್ಟುತ್ತಿರುವ ಕಲ್ಪನೆಯ ಲೋಕಕ್ಕೆ ದೇವರು, ಧರ್ಮ ಗಟ್ಟಿ ಮಾಡೋಕೆ ಈ ಭಾನುವಾರ ಸಂಜೆ 5ಕ್ಕೆ ಕಲಬುರಗಿ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರೋಣ. ಬೆಟ್ಟದವರು, ಹೊಳೆಯವರು, ಕುರಿ ಕಾಯುವವರ ಬಗ್ಗೆ ಬರೆಯುತ್ತಿರುವವರು ತಪ್ಪದೆ ಬನ್ನಿ.

ಮಳೆ ದೇವರು, ಬೆಂಕಿ ದೇವರು ಅಂತ ಸುಮ್ನೆ ಹೆಸರು ಬರೆದು ತರಬೇಡಿ. ಆ ಜನ ಯಾವುದಕ್ಕೆ ಹೆದರುತ್ತಾರೆ? ಹರಕೆ ಏನು? ಎಡೆಗೆ ಏನಿಡುತ್ತಾರೆ? ನಮ್ಮಂಥ ಬಿಸಿಲ ನಾಡಾದರೆ ಸೂರ್ಯನಿಗಿಂತ ನೆರಳಿಗೇ ಜಾಸ್ತಿ ಕೈ ಮುಗಿಯುತ್ತಾರೆ, ಅಲ್ವಾ? ಹೊಳೆಯವರನ್ನು ಬರೆಯುವವರು ಬೀದರಿನ ಝರಣಿ ನರಸಿಂಹನನ್ನು ನೆನೆಯಿರಿ. ಅಲ್ಲಿ ಗುಹೆಯ ನೀರಲ್ಲಿ ನಡೆದೇ ದರ್ಶನ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಊರಿನ ಕಥೆ ನನಗೆ ಬಹಳ ಇಷ್ಟ. 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಮೂರ್ತಿ ನಿಲ್ಲಿಸಲು ಆ ಕಲ್ಲಿಗೇ ತೂತು ಕೊರೆದಿದ್ದರು. ನಮ್ಮ ಲೋಕದಲ್ಲೂ ಹೀಗೆ ಹಳೆಯದರ ಮೇಲೆ ಹೊಸ ದೇವರು ಕೂತಿರಲಿ.

ಒಂದೊಂದು ಜನಕ್ಕೆ ಒಂದೇ ಪುಟ ಸಾಕು. ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಯಾದಗಿರಿ, ಬೀದರಿನಿಂದ ಬರೋಕೆ ಆಗದವರು ವಾಯ್ಸ್ ಮೆಸೇಜ್ ಕಳಿಸಿ, ಸಭೆಯಲ್ಲಿ ಕೇಳಿಸುತ್ತೇನೆ.

ಬರುವವರು ಇವತ್ತೇ "ಬರ್ತೀನಿ" ಅಂತ ಹಾಕಿಬಿಡಿ.