ಮಗಳಿಗೊಂದು ಪತ್ರ: ಆ ನೋಟ್‌ಬುಕ್ ರದ್ದಿಗೆ ಹಾಕಬೇಡ

ಪುಟ್ಟಿ,

ನಿನ್ನೆ ಫೋನಿನಲ್ಲಿ ಆದ ಮಾತೆಲ್ಲ ಮತ್ತೆ ಬರೆಯೋದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಾಗಿದೆ. ಆದರೆ ಕವನ ಸ್ಪರ್ಧೆಯಲ್ಲಿ ನಿನ್ನ ಪದ್ಯ ಕೇಳಿ ತೀರ್ಪುಗಾರರು ‘ಪ್ರಾಸ ಅಂದರೆ ಮಕ್ಕಳಾಟ’ ಅಂತ ನಕ್ಕದ್ದನ್ನು ನೀನು ಸುಮ್ನೆ ಒಪ್ಪಿಕೊಂಡು, ಪದ್ಯದ ನೋಟ್‌ಬುಕ್ಕನ್ನೇ ರದ್ದಿಗೆ ಹಾಕ್ತೀನಿ ಅಂದುಬಿಟ್ಟೆಯಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿನಗೆ ಮೂರು ವರ್ಷವಿದ್ದಾಗ ಜೋರು ಜ್ವರ ಬಂದಿತ್ತು. ಅಜ್ಜಿ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ರಾತ್ರಿಯಿಡೀ ಒಂದೇ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ಹಾಡಿದರು.

ಆಡಿ ಬಾ ನನ ಕಂದ ಅಂಗಾಲ ತೊಳೆದೇನ
ತೆಂಗಿನ ಕಾಯಿ ತಿಳಿನೀರ ತಕ್ಕೊಂಡು
ಬಂಗಾರ ಮಾರಿ ತೊಳೆದೇನ

ನೀನು ಕಣ್ಣು ಬಿಡುತ್ತಿರಲಿಲ್ಲ. ಚಮಚದಲ್ಲಿ ಕೊಟ್ಟ ನೀರು ಬಾಯಿಯ ಪಕ್ಕದಿಂದ ಇಳಿದುಹೋಗುತ್ತಿತ್ತು. ನಾನು ಹಣೆ ಮುಟ್ಟೋದು, ಬಾಗಿಲಿಗೆ ಹೋಗೋದು, ಮತ್ತೆ ಬಂದು ಹಣೆ ಮುಟ್ಟೋದು. ಆ ಭಯ ಇವತ್ತಿಗೂ ಹೋಗಿಲ್ಲ. ಬೆಳಗಿನ ಜಾವ ಅಜ್ಜಿ ‘ತಕ್ಕೊಂಡು’ ಅಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನೀನೇ ‘ಬಂಗಾರ’ ಅಂದೆ. ಕಣ್ಣು ಮುಚ್ಚಿಕೊಂಡೇ ಅಂದೆ! ಅಂಗಾಲ, ತೆಂಗಿನ ಆದ ಮೇಲೆ ಇನ್ನೊಂದು ‘ಂಗ’ ಬರಲೇಬೇಕು ಅಂತ ನಿನ್ನ ಕಿವಿ ಕಾಯುತ್ತಿತ್ತು. ಅದನ್ನು ಮಕ್ಕಳಾಟ ಅಂದರೆ ನಾನು ಹೇಗೆ ಕೇಳಿಕೊಂಡು ಇರಲಿ?

ಪ್ರಾಸ ಅಂದ ತಕ್ಷಣ ನೀವೆಲ್ಲ ಸಾಲಿನ ಕೊನೆ ನೋಡುತ್ತೀರಿ. ಕನ್ನಡದ ಹಳೆಯ ಪ್ರಾಸ ಇರೋದು ಸಾಲಿನ ಮೊದಲಲ್ಲಿ, ಎರಡನೇ ಅಕ್ಷರದಲ್ಲಿ. ಅದಕ್ಕೇ ಆದಿಪ್ರಾಸ ಅನ್ನೋದು. ಬಾದಾಮಿಯಲ್ಲಿ ಬಂಡೆಯ ಮೇಲೆ ಕೆತ್ತಿದ, ಕಪ್ಪೆ ಅರಭಟ್ಟ ಅನ್ನೋ ವೀರನನ್ನು ಹೊಗಳುವ ತ್ರಿಪದಿ ಸುಮಾರು ಕ್ರಿ.ಶ. 700ರದ್ದು. ಅದರ ಮೂರು ಸಾಲು ಶುರುವಾಗೋದು ‘ಸಾಧುಗೆ’, ‘ಬಾಧಿಪ್ಪ’, ‘ಮಾಧವನ್’ ಅಂತ. ಮೂರು ಕಡೆಯೂ ಧಕಾರ. ಮೊದಲ ಅಕ್ಷರ ದೀರ್ಘವಾದ್ದರಿಂದ ಇದು ಗಜಪ್ರಾಸ. ಹ್ರಸ್ವವಾಗಿದ್ದರೆ ಸಿಂಹ, ಸೊನ್ನೆ ಬಂದರೆ ವೃಷಭ. ಅಜ್ಜಿಯ ಹಾಡಿನದು ವೃಷಭ. ಮೊದಲ ಸಾಲಿನಲ್ಲಿ ಅದು ನಡುವೆ ಬರುತ್ತೆ, ಜನಪದರು ಅಷ್ಟು ಸಡಿಲ ಬಿಡುತ್ತಾರೆ. ಬರೆದಿಟ್ಟುಕೊಳ್ಳದೆ ಹಾಡುವವರಿಗೆ ಮುಂದಿನ ಸಾಲನ್ನು ಎತ್ತಿಕೊಡೋದೇ ಆ ದನಿ.

ಪ್ರಾಸ ಬಿಡಬಾರದು ಅಂತ ನಾನು ಹೇಳುತ್ತಿಲ್ಲ. ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸ ಬಿಟ್ಟರು, ಟೀಕೆಯನ್ನೂ ಕೇಳಿದರು. ಆದರೆ ಅವರು ಚೆನ್ನಾಗಿ ಬಲ್ಲದ್ದನ್ನು ಬಿಟ್ಟರು. ನೀನು ಯಾರೋ ನಕ್ಕರು ಅಂತ ಬಿಡುತ್ತಿದ್ದೀಯ. ಪ್ರಾಸದ ಜೊತೆಗೆ ಬರೆಯೋದನ್ನೇ ಬಿಟ್ಟುಬಿಡ್ತೀಯೇನೋ ಅನ್ನೋದೇ ನನ್ನ ಚಿಂತೆ. ಅಷ್ಟು ಜನರ ಮುಂದೆ ನಿಂತು ಸ್ವಂತ ಪದ್ಯ ಓದಿದ ಹುಡುಗಿ ನೀನು. ನಮ್ಮ ಮನೆಯಲ್ಲಿ ಆ ಧೈರ್ಯ ಇನ್ಯಾರಿಗೂ ಬಂದಿಲ್ಲ. ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮಳೆಯ ಪದ್ಯ ಇನ್ನೊಮ್ಮೆ ಗಟ್ಟಿಯಾಗಿ ಓದು. ‘ಹನಿ’ಗೆ ‘ದನಿ’ ತಾನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಆಮೇಲೆ ಬರೋ ‘ಗಣಿ’ಯನ್ನು ಮಾತ್ರ ತೆಗಿ. ಆ ಮಳೆಗೆ ಗಣಿ ಬೇಕಾಗಿಲ್ಲ. ನಕಾರದ ಜೊತೆ ಣಕಾರ ಕಿವಿಗೂ ಕೂರೋದಿಲ್ಲ. ತಿದ್ದಿ ಕಳಿಸು.

ಅಮ್ಮ