ಹಗುರ ಚಿತ್ರಗಳಿಗೂ ಅಗಲ ಪರದೆ ಸಿಗಲಿ

ಮಾನ್ಯರೇ,

ಪಾಪ್ ಗಾಯಕರು ನಾಯಕರಾದ ಹಾಡು–ಕುಣಿತದ ಚಿತ್ರಗಳನ್ನು ಬರೀ ಕಾಲಹರಣವೆಂದು ತಳ್ಳಿಹಾಕುವ ಮಾತು ಸಿನಿಮಾ ಬರಹಗಳಲ್ಲಿ ಪದೇ ಪದೇ ಕಾಣುತ್ತಿದೆ. ಇದು ಸರಿಯಲ್ಲ. ಲಖನೌದಲ್ಲಿ ಹುಟ್ಟಿದ ಬ್ರಿಟಿಷ್ ಗಾಯಕ ಕ್ಲಿಫ್ ರಿಚರ್ಡ್ ಅವರ ‘ಸಮ್ಮರ್ ಹಾಲಿಡೇ’ಯನ್ನೇ (1963) ನೋಡಿ. ಮೊದಲ ದೃಶ್ಯ ಕಪ್ಪು–ಬಿಳುಪು: ಇಂಗ್ಲೆಂಡಿನ ಕಡಲತೀರ, ವಾದ್ಯಮೇಳ, ಅಷ್ಟರಲ್ಲೇ ಮಳೆ, ದಿಕ್ಕಾಪಾಲಾಗುವ ಜನ. ಸ್ವಲ್ಪ ಹೊತ್ತಿಗೆ ಪರದೆ ಬಣ್ಣಕ್ಕೆ ತಿರುಗುತ್ತದೆ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸನ್ನೇ ಮನೆ ಮಾಡಿಕೊಂಡ ಮೆಕ್ಯಾನಿಕ್ ಹುಡುಗರು ಅಥೆನ್ಸ್‌ವರೆಗೆ ಹೊರಡುತ್ತಾರೆ. ಆ ಜನವರಿಯಲ್ಲಿ ಚಿತ್ರ ತೆರೆಕಂಡಾಗ ಬ್ರಿಟನ್ ಹಿಮದಡಿ ಹೆಪ್ಪುಗಟ್ಟಿತ್ತು. ಟಿಕೆಟ್ ಕೊಂಡವನಿಗೆ ಎರಡು ತಾಸಿನ ಬಿಸಿಲು ಸಿಕ್ಕಿದ್ದು ಸಣ್ಣ ಮಾತೇ?

ಇಂಥ ಚಿತ್ರಗಳು ಸಪ್ಪೆ ಎನಿಸಲು ನಾವು ನೋಡುವ ರೀತಿಯೂ ಕಾರಣ. ‘ಸಮ್ಮರ್ ಹಾಲಿಡೇ’ 2.35:1 ಅಳತೆಯ, ಅಂದರೆ ಎತ್ತರದ 2.35 ಪಟ್ಟು ಅಗಲವಿರುವ, ಸಿನಿಮಾಸ್ಕೋಪ್ ಚಿತ್ರ. ಹಳೆಯ ಟಿ.ವಿ.ಯ 4:3 ಚೌಕಟ್ಟು ತುಂಬುವಂತೆ ಕತ್ತರಿಸಿದರೆ ಚಿತ್ರದ ಅಗಲದಲ್ಲಿ ಶೇ 40ಕ್ಕೂ ಹೆಚ್ಚು ಭಾಗ ಹೋಗುತ್ತದೆ. ಗುಂಪು ನೃತ್ಯದ ಅಂಚಿನವರು ಮಾಯವಾಗುತ್ತಾರೆ, ಉಳಿಯುವುದು ನಾಯಕನ ಮುಖ ಮಾತ್ರ.

ನಮ್ಮ ಫಿಲ್ಮ್ ಸೊಸೈಟಿಗಳು ವರ್ಷಕ್ಕೆ ಒಂದಾದರೂ ಇಂಥ ಚಿತ್ರವನ್ನು ಪೂರ್ಣ ಅಗಲದಲ್ಲಿ, ಆರಂಭದ ಕಪ್ಪು–ಬಿಳುಪು ಭಾಗವನ್ನು ಬಿಡದೆ ತೋರಿಸಲಿ. ಸಂಭಾಷಣೆಗೆ ಮಾತ್ರವಲ್ಲ, ಹಾಡುಗಳಿಗೂ ಕನ್ನಡ ಅಡಿಬರಹ ಇರಲಿ; ಕಥೆಯ ಅರ್ಧ ಪಾಲು ಹಾಡುಗಳಲ್ಲೇ ಇದೆ.

– ಓರ್ವ ಓದುಗ, ಮೈಸೂರು